ಗುಡ್ಡದ ಬಾಟ್ಲಿಯ ನೊಣಗಳು

ಕರಿಕಲ್ಲದೊಡ್ಡಿಯ ಸುಂದ್ರಮ್ಮನ ಮನೆಗೆ ಬಂದ ಪಾತ್ರೆ ಖಾಲಿ ತಿರುಗಿ ಹೋದದ್ದನ್ನು ಕಂಡವರಿಲ್ಲ. ಪಕ್ಕದ ಮನೆಯ ಹಜರಾಬೀ ಮೊಸರು ತಂದ ಬಟ್ಟಲಾಗಲಿ, ಯಾರದೋ ಮದುವೆಯಿಂದ ಸಿಹಿ ತುಂಬಿ ಬಂದ ಬೋಗುಣಿಯಾಗಲಿ, ತೊಳೆದು ಒರೆಸಿ, ತಳದಲ್ಲಿ ಒಂದು ಹಿಡಿ ಶೇಂಗಾನೋ ಒಂದು ಚೂರು ಬೆಲ್ಲವೋ ಇಟ್ಟೇ ಕಳಿಸಬೇಕು. ಮನೆಯಲ್ಲಿ ಏನೂ ಇಲ್ಲದ ದಿನ ನಾಲ್ಕು ಕಾಳು ಜೋಳ. ಒಮ್ಮೆ ಜೋಳವೂ ಕೈಗೆ ಸಿಗದೆ ಹಿತ್ತಿಲ ಕರಿಬೇವಿನ ಟಿಸಿಲು ಮುರಿದು ಹಾಕಿದ್ದಳು. "ಬರಿ ಭಾಂಡೆ ಕಳಿಸಿದ್ರ ಬಳಗ ಕಡ್ಕೊಂಡಂಗ" ಎಂಬುದು ಅವಳ ತಾಯಿಯ ಮಾತು. ತಾಯಿ ಹೋಗಿ ಬಹಳ ಕಾಲವಾಯಿತು, ಮಾತು ಮಾತ್ರ ಒಲೆಯ ಪಕ್ಕದಲ್ಲೇ ಕೂತಿದೆ.

ಈ ಕಟ್ಟಳೆ ಆ ಸೀಮೆಗೆಲ್ಲ ಉಂಟು. ಆದರೆ ಸುಂದ್ರಮ್ಮನ ಹಾಗೆ ಹಟ ಹಿಡಿದು ನಡೆಸುವವರು ಕಡಿಮೆ. ಅವಳ ಹಟಕ್ಕೆ ಒಂದು ಕಾರಣವಿತ್ತು. ಆ ಕಾರಣ ಸ್ಟೀಲಿನದು, ಮುಚ್ಚಳವಿದ್ದದ್ದು, ಮೇಲೆ ಅವಳ ಹೆಸರು ಕೊರೆಸಿದ್ದು.

ಸುಂದ್ರಮ್ಮನ ತವರು ದೇವಾಪುರ. ಗುಡ್ಡದ ಮೇಲಿನ ಪುಟ್ಟ ಊರಾದ ದೊಡ್ಡಿಯ ಬಂಡೆಯ ಮೇಲೆ ನಿಂತರೆ ಕೆಳಗೆ ಕಾಲುವೆ ಕಾಣುತ್ತದೆ, ಅದರಾಚೆ ತಮ್ಮ ಅಮರಪ್ಪನ ಗದ್ದೆ. ಕಾಲುವೆ ಬರುವ ಮುಂಚೆ ಅಕ್ಕನ ಮನೆಯಲ್ಲೂ ತಮ್ಮನ ಮನೆಯಲ್ಲೂ ಅದೇ ಸಜ್ಜೆ ರೊಟ್ಟಿ, ಅದೇ ಪುಂಡಿ ಪಲ್ಯ. ಕಾಲುವೆ ಬಂದ ಮೇಲೆ ತಮ್ಮನಿಗೆ ವರ್ಷಕ್ಕೆ ಎರಡು ಬೆಳೆ, ಅನ್ನ, ಬಾಳೆ ತೋಟ. ನೀರಿಗೆ ಗುಡ್ಡ ಹತ್ತುವ ಅಭ್ಯಾಸವಿಲ್ಲ, ಹೀಗಾಗಿ ಅಕ್ಕನಿಗೆ ಅದೇ ತೊಗರಿ, ಅದೇ ಕುರಿ. ಅದಕ್ಕೆ ಸುಂದ್ರಮ್ಮ ಹೊಟ್ಟೆ ಉರಿದುಕೊಂಡವಳಲ್ಲ. ತಮ್ಮನ ಮಗಳು ಮರಿಲಿಂಗಮ್ಮನನ್ನು ತನ್ನ ಮಗ ಅಂಬ್ರಪ್ಪನಿಗೆ ತಂದುಕೊಂಡರೆ ಮೇಲಿನದೂ ಕೆಳಗಿನದೂ ಒಂದಾಗುತ್ತದೆ ಎಂದು ಆಸೆಪಟ್ಟಿದ್ದಳು, ಅಷ್ಟೆ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ "ಇಕಿ ನನ್ನ ಸೊಸಿ" ಎಂದು ಸಾರಿದ್ದಳು. 'ಮರಿ' ಎಂದೇ ಕರೆಯುತ್ತಿದ್ದಳು. ಕುರಿ ಸಾಕಿದ ಮನೆಯಲ್ಲಿ ಅದಕ್ಕಿಂತ ಮುದ್ದಿನ ಹೆಸರಿಲ್ಲ.

ಹುಡುಗಿ ಕಾಲೇಜು ಮುಗಿಸಿದ ವರ್ಷ ಸುಂದ್ರಮ್ಮ ಆ ಸ್ಟೀಲಿನ ಡಬ್ಬಿಯ ತುಂಬ ಶೇಂಗಾ ಉಂಡಿ ಕಟ್ಟಿ, ತಲೆಯ ಮೇಲೆ ಹೊತ್ತು, ತಮ್ಮನ ಮನೆಗೆ ಹೆಣ್ಣು ಕೇಳಲು ಇಳಿದಳು. ಮರಿ ತಲೆ ತಗ್ಗಿಸಿ ಕೂತು, ತಲೆ ಎತ್ತದೆಯೇ "ನಾ ಇನ್ನೂ ಓದ್ತೀನಿ ಅತ್ತಿ" ಎಂದಳು. ಅದನ್ನು ಸುಂದ್ರಮ್ಮ ನುಂಗಿಕೊಂಡಳು. ನಿಜ ಹೇಳಬೇಕೆಂದರೆ ಅಂಬ್ರಪ್ಪನಿಗೇ ಸಮಾಧಾನವಾಗಿತ್ತು. ಸೋದರಮಾವನ ಮಗಳು ಸಣ್ಣಂದಿನಿಂದ ಅವನನ್ನು ಗಣಿತದಲ್ಲಿ ಸೋಲಿಸುತ್ತ ಬಂದವಳು. ಮುಂದೆ ಅವನು ಶಹಾಪುರದ ಕಡೆಯ ಒಂದು ಒಳ್ಳೆಯ ಹುಡುಗಿಯನ್ನು ಮದುವೆಯಾಗಿ ಸುಖವಾಗಿಯೇ ಇದ್ದ. ಆದರೆ ಹೆಣ್ಣು ಕೇಳಿ ಬಂದ ಮೇಲೆ ಒಂದು ದಿನ, ದೇವಾಪುರದಿಂದ ಬಂದ ಟ್ರ್ಯಾಕ್ಟರಿನವನು ಆ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಸುಂದ್ರಮ್ಮ ಮುಚ್ಚಳ ತೆಗೆದಳು. ತೊಳೆದಿದ್ದರು, ಒರೆಸಿದ್ದರು. ಒಳಗೆ ಒಂದು ಕಾಳು ಸಹ ಇರಲಿಲ್ಲ.

ಅಂದಿನಿಂದ ಹೋಗಿ ಬರುವುದು ನಿಂತಿತು. ಸಾವಿಗೆ ಹೋದರು, ಸಾವಿಗೆ ಬಂದರು. ನಡುವೆ ಏನಿಲ್ಲ. ಡಬ್ಬಿ ಅಟ್ಟ ಸೇರಿತು. ಅದನ್ನು ಮತ್ತೆ ಯಾವುದಕ್ಕೂ ಬಳಸಲು ಸುಂದ್ರಮ್ಮನಿಗೆ ಮನಸ್ಸು ಬರಲಿಲ್ಲ.

ಹೀಗೆ ವರ್ಷಗಳು ಉರುಳಿರುವಾಗ, ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಮರಿಲಿಂಗಮ್ಮ ಗುಡ್ಡ ಹತ್ತಿ ಬಂದಳು. ಬೆನ್ನಿಗೆ ಚೀಲ, ಕಾಲಿಗೆ ಬೂಟು, ಕೈಯಲ್ಲಿ ಅಗಲ ಬಾಯಿಯ ಒಂದು ಗಾಜಿನ ಬಾಟ್ಲಿ. ಸುಂದ್ರಮ್ಮ ಇಷ್ಟು ವರ್ಷ ಮನಸ್ಸಿನಲ್ಲಿ ಬಾಯಿಪಾಠ ಮಾಡಿಟ್ಟ ಬೈಗುಳವೆಲ್ಲ ಒಮ್ಮೆಗೇ ಮರೆತುಹೋಯಿತು.

"ಬಡವಾಗಿಯಲ್ಲವ್ವ" ಎಂದಷ್ಟೇ ಬಾಯಿಗೆ ಬಂತು.

ನೀರು ಕುಡಿದು, ರೊಟ್ಟಿ ತಿಂದು, ಮರಿ ವಿಷಯಕ್ಕೆ ಬಂದಳು. ಹಳೆಯ ಮಾತು ಅವಳು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

"ಅತ್ತಿ, ನಾ ಕಲಬುರ್ಗ್ಯಾಗ ನೊಣದ ಮ್ಯಾಲ ಸಂಶೋಧನೆ ಮಾಡಾಕತ್ತೇನಿ."

"ನೊಣ ಹಿಡಿಯಾಕ ಅಷ್ಟ್ ದೂರ ಹೋಗಬೇಕಾ? ನಮ್ಮ ಕುರಿ ಹಟ್ಯಾಗ ಬಂದಿದ್ರ ಚೀಲ ತುಂಬಿ ಕೊಡ್ತಿದ್ದೆ."

ಮರಿ ನಕ್ಕಳು. "ಅವು ಅಲ್ಲ ಅತ್ತಿ. ಬಾಳಿಹಣ್ಣು ಕೊಳತ್ರ ಸುತ್ತ ಹಾರ್ತಾವಲ್ಲ, ಎಳ್ಳಿನಷ್ಟು ಸಣ್ಣವು, ಅವು. ಅವು ಯಾರ ಮಕ್ಕಳು, ಯಾರಿಗೆ ಯಾರು ಸಂಬಂಧ ಅಂತ ನೋಡ್ತೀನಿ."

"ಮುಖ-ಮಾರಿ ನೋಡಿದ್ರ ತಿಳಿಯಂಗಿಲ್ಲೇನು?"

"ಮಾರಿ ಸುಳ್ಳು ಹೇಳ್ತೈತಿ. ನೋಡಾಕ ಒಂದಾ ನಮೂನಿ ಇರ್ತಾವ, ಬಳಗ ಬ್ಯಾರೆನಾ ಇರ್ತೈತಿ. ಅದಕ ಮೈಯ್ಯಾಗಿನ ಬರಹ ಓದಬೇಕು. ಎಲ್ಲಾ ಜೀವದಾಗೂ ಒಂದು ಬರಹ ಐತಿ ಅತ್ತಿ, ಡಿಎನ್‌ಎ ಅಂತಾರ. ನಾಕಾ ಅಕ್ಷರ, ಅವಾ ಹಿಂದ ಮುಂದ ಆಗಿ ಉದ್ದಕ ಬರ್ದಂಗ. ತಾಯಿ ಬರಹಾನ ಮಗಳು ನಕಲ್ ಮಾಡ್ತಾಳ. ಮಾಡೂವಾಗ ಅಲ್ಲೊಂದು ಇಲ್ಲೊಂದು ತಪ್ಪು ಬೀಳ್ತೈತಿ. ಆ ತಪ್ಪು ಮೊಮ್ಮಕ್ಕಳಿಗೂ ಹೋಗ್ತೈತಿ. ಎರಡು ನೊಣದಾಗ ಒಂದಾ ತಪ್ಪು ಸಿಕ್ರ, ಇವೆರಡಕ್ಕೂ ಅಜ್ಜಿ ಒಬ್ಬಾಕೀನಾ ಅಂತ ತಿಳ್ಕೋ. ಕೂಡ್ಲಿಲ್ಲಂದ್ರ ದೂರದ ಬಳಗ."

ಸುಂದ್ರಮ್ಮನವರಲ್ಲಿ ಹೆಣ್ಣು ಗಂಡಿನ ಮಾತು ತೆಗೆಯುವ ಮೊದಲು ಹಿರಿಯರು ಕೇಳುವುದು ಬೆಡಗು. ಒಂದೇ ಬೆಡಗಿನವರು ಎಷ್ಟು ದೂರದ ಊರಲ್ಲಿದ್ದರೂ ಅಣ್ಣತಂಗಿಯರು. ಅದನ್ನು ಮೀರಿ ಯಾರೂ ಬೀಗರಾಗುವಂತಿಲ್ಲ.

"ಅಂದ್ರ ನೊಣದ ಬೆಡಗು ಕೇಳಾಕತ್ತಿ."

"ಹೌದತ್ತಿ! ಇಷ್ಟಾ ಮಾತು ನನಗ ಹೇಳಾಕ ಬರವಲ್ದಾಗಿತ್ತು."

ಹೊಗಳಿಕೆ ಸುಂದ್ರಮ್ಮನಿಗೆ ಉಂಡಿಗಿಂತ ಸಿಹಿಯಾಯಿತು. ಮರಿ ಮುಂದುವರಿಸಿದಳು. ಕಾಲುವೆ ಬಂದ ಮೇಲೆ ಕೆಳಗೆ ಬಾಳೆ ತೋಟಗಳಾದವು, ಹಣ್ಣಿನ ಜೊತೆ ಹೊರಗಿನ ನೊಣಗಳೂ ಬಂದು ಕಾಲುವೆಯ ಗುಂಟ ಸಂಸಾರ ಹೂಡಿವೆ. ಹುಣಸಗಿ, ದೇವಾಪುರ, ಸುರಪುರ, ಎಲ್ಲ ಕಡೆಯ ನೊಣ ಹಿಡಿದು ನೋಡಬೇಕು. ಅವು ನೀರಾವರಿ ಬಿಟ್ಟು ಒಣ ಗುಡ್ಡವನ್ನೂ ಹತ್ತಿವೆಯೋ ಇಲ್ಲವೋ, ಇದೇ ಅವಳ ದೊಡ್ಡ ಪ್ರಶ್ನೆ. ಅದಕ್ಕೆ ಗುಡ್ಡದ ಮೇಲಿನ ಒಂದು ಬಾಟ್ಲಿ ಬೇಕು. ಎಲ್ಲ ಊರಲ್ಲೂ ಒಂದೇ ದಿನ ಕಟ್ಟಬೇಕಾದ್ದರಿಂದ ಅವಳು ಇಲ್ಲಿ ನಿಲ್ಲುವಂತಿಲ್ಲ.

"ನಾಳೆ ಮುಂಜಾನೆ ಇದನ್ನ ಬೇವಿನ ಗಿಡಕ್ಕ ಕಟ್ಟು. ಒಳಗ ಕಿವುಚಿದ ಬಾಳಿಹಣ್ಣು ಐತಿ, ನೊಣ ತಾವಾ ಬರ್ತಾವ. ನಾಡ್ದು ಮುಂಜಾನೆ ಬಾಯಿಗಿ ಹತ್ತಿ ತುರುಕು, ಈ ಸ್ಪಿರಿಟ್ ಹಾಕು. ಮಧ್ಯಾಹ್ನ ಸುರಪುರ ಬಸ್‌ಸ್ಟ್ಯಾಂಡಿಗಿ ತಂದ್ಕೊಡು. ಹುಣಸಗಿ ಬಸ್ಸಿಗಿ ಬರ್ತೀನಿ. ಮಾಡ್ತೀಯಲ್ಲ?"

ಕೇಳಬೇಕೆ? ತಮ್ಮನ ಮಗಳು ಇಷ್ಟು ವರ್ಷಕ್ಕೆ ತನ್ನ ಮನೆಯಲ್ಲಿ ಒಂದು ಪಾತ್ರೆ ಇಟ್ಟು ಹೋಗಿದ್ದಾಳೆ. ಗಾಜಿನದಾದರೇನು, ಪಾತ್ರೆ ಪಾತ್ರೆಯೇ.

ಮರುದಿನ ಸುಂದ್ರಮ್ಮ ಬಾಟ್ಲಿಯನ್ನು ಬೇವಿನ ಗಿಡಕ್ಕೆ ಕಟ್ಟಿ, ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಳು. ನೊಣ ಬರಲಿಲ್ಲ. ಗಾಳಿ ಬಂತು, ಇರುವೆ ಬಂದವು, ಹಜರಾಬೀ ಬಂದು "ಯಾವ ದೇವರಿಗಿ ಹರಕಿ ಬೇ ಇದು?" ಎಂದು ಕೇಳಿ ಹೋದಳು. ಸಂಜೆ ಬಾಟ್ಲಿಯನ್ನು ಕುರಿ ಹಟ್ಟಿಯ ಹತ್ತಿರದ ಜಾಲಿ ಗಿಡಕ್ಕೆ ಕಟ್ಟಿದಳು. ಮುಂಜಾನೆ ನೋಡಿದರೆ ಕಪ್ಪಗಾದ ಬಾಳೆಹಣ್ಣು, ಮೂರು ಇರುವೆಯ ಹೆಣ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಏನಿಲ್ಲ.

ಇದನ್ನು ಹೀಗೇ ಹೇಗೆ ಕೊಡುವುದು? ಡಬ್ಬಿ ಖಾಲಿ ಬಂದಿತ್ತು, ಅದಕ್ಕೆ ಬಾಟ್ಲಿ ಖಾಲಿ ಕಳಿಸಿ ಸೇಡು ತೀರಿಸಿಕೊಂಡಳು ಅನ್ನುವುದಿಲ್ಲವೇ ದೇವಾಪುರದವರು? ಅವರು ಅನ್ನಲಿ ಬಿಡಲಿ, ಆ ಹುಡುಗಿ ಮತ್ತೆ ಈ ಗುಡ್ಡ ಹತ್ತುತ್ತಾಳೆಯೇ?

ಬಸ್‌ಸ್ಟ್ಯಾಂಡ್ ತಲುಪಿದಾಗ ಹುಣಸಗಿ ಬಸ್ಸು ಇನ್ನೂ ಬಂದಿರಲಿಲ್ಲ. ಬೇಲಿಯ ಪಕ್ಕ ಹಸನಸಾಬನ ಬಾಳೆಹಣ್ಣಿನ ಗಾಡಿ ನಿಂತಿತ್ತು. ಗಾಡಿಯ ಒಂದು ಮೂಲೆಯಲ್ಲಿ ಕೊಳೆತ ಹಣ್ಣಿನ ರಾಶಿ. ಅದರ ಮೇಲೆ, ಎಳ್ಳು ಚೆಲ್ಲಿದ ಹಾಗೆ, ಮರಿ ಹೇಳಿದ ಅದೇ ಸಣ್ಣ ನೊಣಗಳು. ನೂರಾರು.

ಸುಂದ್ರಮ್ಮ ಬಾಟ್ಲಿಯನ್ನು ನೋಡಿದಳು, ನೊಣಗಳನ್ನು ನೋಡಿದಳು. ನೊಣ ನೊಣವೇ ಅಲ್ಲವೇ? ಮುಖ ನೋಡಿದರೆ ಒಂದೇ ನಮೂನೆ ಎಂದು ಅವಳೇ ಹೇಳಿದ್ದಾಳೆ. ಹೇಳಿದ ಮಾತಿನ ಉಳಿದರ್ಧ ಆ ಗಳಿಗೆಯಲ್ಲಿ ಸುಂದ್ರಮ್ಮನಿಗೆ ನೆನಪಾಗಲಿಲ್ಲ. ಬೇಕಾದದ್ದಷ್ಟೇ ನೆನಪಿಡುವ ಕಲೆ ಎಲ್ಲರಿಗೂ ಬರುತ್ತದೆ.

"ಹಸನಸಾಬ, ಒಂಚೂರು ಸರಿ" ಎಂದು ಬಾಟ್ಲಿಯ ಬಾಯನ್ನು ರಾಶಿಯ ಮೇಲೆ ಬೋರಲು ಹಿಡಿದಳು.

"ಏನ್ ಬೇ ಅಕ್ಕಾ, ಹಣ್ಣು ಬಿಟ್ಟು ನೊಣದ ವ್ಯಾಪಾರಾ? ಪುಕಟ್ ತಗೋ, ದುವಾ ಮಾಡು ಅಷ್ಟ."

ಬಾಟ್ಲಿ ತುಂಬಿತು. ಹತ್ತಿ ತುರುಕಿ, ಸ್ಪಿರಿಟ್ ಹಾಕಿ, ಒಳಗಿನ ಗುಂಯ್‌ಗುಟ್ಟುವಿಕೆ ತಣ್ಣಗಾಗುವಾಗ ಅವಳಿಗೆ ಒಂದಿಷ್ಟು ಪಾಪವೆನಿಸಿತು. ಅದು ನೊಣಗಳ ಬಗ್ಗೆ ಮಾತ್ರ.

ಬಸ್ಸಿನಿಂದ ಇಳಿದ ಮರಿ ಬಾಟ್ಲಿಯನ್ನು ಎತ್ತಿ ನೋಡಿದ್ದೇ ತಡ, ಎಲ್ಲರೆದುರಿಗೇ ಅತ್ತೆಯನ್ನು ಅಪ್ಪಿಕೊಂಡಳು. "ಇಷ್ಟೊಂದು! ಅತ್ತಿ, ಗುಡ್ಡದ ಮ್ಯಾಲ ನಾಕು ಸಿಕ್ರ ಸಾಕು ಅನ್ಕೊಂಡಿದ್ದೆ!" ಸಣ್ಣವಳಿದ್ದಾಗ ಅಪ್ಪಿಕೊಳ್ಳುತ್ತಿದ್ದ ಹಾಗೆಯೇ, ಗಲ್ಲವನ್ನು ಹೆಗಲಿಗೆ ಒತ್ತಿ. ಸುಂದ್ರಮ್ಮನ ಕಣ್ಣು ತುಂಬಿ ಬಂತು. ಖಾಲಿ ಕೊಟ್ಟಿದ್ದರೆ ಇದು ಎಲ್ಲಿ ಸಿಗುತ್ತಿತ್ತು?

ಆಮೇಲಿನ ದಿನಗಳು ಹಬ್ಬದ ದಿನಗಳು. ಮರಿ ಕಲಬುರಗಿಯಿಂದ ಫೋನು ಮಾಡುತ್ತಿದ್ದಳು. ಊರಿಗೆ ಬಂದಾಗಲೆಲ್ಲ ಯಾದಗಿರಿಯಲ್ಲಿ ರೈಲಿಳಿದು, ದೇವಾಪುರಕ್ಕೆ ಹೋಗುವ ಮುಂಚೆ ಗುಡ್ಡ ಹತ್ತುತ್ತಿದ್ದಳು. ಅಂಬ್ರಪ್ಪನ ಹೆಂಡತಿ "ನನ್ನಕಿಂತ ಆ ಸೊಸಿನಾ ಹೆಚ್ಚಾದ್ಲು ನಿಮಗ" ಎಂದು ಕಾಡಿದರೆ ಸುಂದ್ರಮ್ಮ ಸಿಟ್ಟಿನ ನಟನೆ ಮಾಡಿ ಒಳಗೊಳಗೇ ನಗುತ್ತಿದ್ದಳು. ನೊಣಗಳ ಬರಹ ಓದುವ ಕೆಲಸ ನಡೆದಿದೆ ಎಂದು ಮರಿ ಹೇಳುತ್ತಿದ್ದಳು. ನಡೆಯಲಿ ಪಾಪ ಎಂದು ಇವಳು ಅಂದುಕೊಳ್ಳುತ್ತಿದ್ದಳು.

ತೊಗರಿ ರಾಶಿ ಮುಗಿದ ಹೊತ್ತಿಗೆ ಮರಿ ಓಡುತ್ತ ಬಂದಳು. ಅಂಗಳದಲ್ಲಿ ಒಂದು ದೊಡ್ಡ ಹಾಳೆ ಬಿಡಿಸಿದಳು. ಹಾಳೆಯಲ್ಲಿ ಎಲೆಯಿಲ್ಲದ ಗಿಡದಂಥ ಚಿತ್ರ, ಟೊಂಗೆಯ ತುದಿಗೆಲ್ಲ ಊರುಗಳ ಹೆಸರು.

"ನೋಡತ್ತಿ, ಇದು ನೊಣದ ವಂಶ. ಈ ದೂರದ ಟೊಂಗಿ ಯಾದಗಿರಿ ಸ್ಟೇಷನ್ದು. ಅವು ರೈಲಿನ್ಯಾಗ ಹಣ್ಣಿನ ಬುಟ್ಟಿ ಜೋಡಿ ಬಂದಾವ ಅನಸ್ತೈತಿ, ನಮ್ಮವಕ್ಕೂ ಅವಕ್ಕೂ ಭಾಳ ಹಿಂದ ಕಡದು ಹೋಗೈತಿ. ಇತ್ಲಾಗ ಹುಣಸಗಿ, ದೇವಾಪುರ, ಸುರಪುರ. ಕಾಲುವಿ ಗುಂಟ ಎಲ್ಲಾ ಒಬ್ಬಾಕಿ ಅಜ್ಜಿ ಮೊಮ್ಮಕ್ಕಳು. ಇನ್ನ ಇಲ್ಲಿ ನೋಡು."

ಸುರಪುರದ ಪಕ್ಕದಲ್ಲೇ, ಒಂದೇ ಕವಲಿನಲ್ಲಿ, ಕರಿಕಲ್ಲದೊಡ್ಡಿ ಎಂದು ಬರೆದಿತ್ತು. ತಮ್ಮ ದೊಡ್ಡಿಯ ಹೆಸರನ್ನು ಅಚ್ಚಿನಲ್ಲಿ ಸುಂದ್ರಮ್ಮ ಮೊದಲ ಸಲ ನೋಡಿದ್ದು ಹೀಗೆ.

"ಬಾಜೂಕಿನ ಬಳಗ ಅಷ್ಟ ಅಲ್ಲತ್ತಿ. ಬಸ್‌ಸ್ಟ್ಯಾಂಡಿನ್ಯಾಗ ನಾ ಹಿಡದ ನೊಣಕ್ಕೂ ಗುಡ್ಡದ ನೊಣಕ್ಕೂ ಅಕ್ಷರಕ್ಕ ಅಕ್ಷರ ಕೂಡ್ತೈತಿ. ಅಂದ್ರ ಕೆಳಗಿನವಾ ಮೊನ್ನಿ ಮೊನ್ನಿ ಗುಡ್ಡ ಹತ್ಯಾವ! ಯಾರೂ ಹಿಂಗ ಅನ್ಕೊಂಡಿರಲಿಲ್ಲ. ನನಗ ಕಲಸೋ ಮೇಡಂಗೂ ನಂಬಿಕಿ ಬರವಲ್ದಾಗಿತ್ತು, ಬಾಟ್ಲಿ ಖರೇನಾ ಗುಡ್ಡದ ಮ್ಯಾಲಿಂದಾ ಅಂತ ಕೇಳಿದ್ರು. ನಮ್ಮತ್ತಿ ಕಟ್ಯಾಳ್ರಿ, ನನ್ನ ಮ್ಯಾಲ ನನಗಿಲ್ಲದ ನಂಬಿಕಿ ಅಕಿ ಮ್ಯಾಲ ಐತಿ ಅಂದೆ. ಬರೋ ಸೋಮವಾರ ಧಾರವಾಡದಾಗ ದೊಡ್ಡ ಸಭಾ, ದೊಡ್ಡ ದೊಡ್ಡ ಪಂಡಿತರು ಬರ್ತಾರ. ಅಲ್ಲಿ ನಿಂತು ಹೇಳಾಕಿದೀನಿ."

ಹಸನಸಾಬನ ಗಾಡಿ ಬೇರೆಲ್ಲೂ ಅಲ್ಲ, ಸುಂದ್ರಮ್ಮನ ಕಣ್ಣಿಗೆ ಆ ಹಾಳೆಯ ಮೇಲೆಯೇ ಬಂದು ನಿಂತಂತಾಯಿತು. ಏನೋ ಹೇಳಲು ಬಾಯಿ ತೆರೆದಳು. ಮರಿಯ ಮುಖದ ಬೆಳಕು ನೋಡಿ ಮುಚ್ಚಿದಳು. "ಚಾ ಮಾಡ್ತೀನಿ" ಎಂದು ಎದ್ದು ಒಳಗೆ ಹೋದಳು.

ಮರಿ ಹೋದ ಮೇಲೆ ಗಂಡ ಅಯ್ಯಣ್ಣನಿಗೆ ಎಲ್ಲ ಹೇಳಿದಳು. ಅವನು ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕೇಳಿದ. "ಸುಮ್ನಿರು. ನೋಡಿದಾವ ಹಸನಸಾಬ ಒಬ್ಬಾವ. ಅಂವಗ ಧಾರವಾಡದಾಗೇನ್ ಕೆಲಸ? ನೊಣೇನ್ ಎದ್ದು ಸಾಕ್ಷಿ ಹೇಳ್ತಾವೇನು?"

"ಹೇಳಿಬಿಟ್ಟಾವ್ರಿ" ಎಂದಳು ಸುಂದ್ರಮ್ಮ. "ಅವು ಸುರಪುರದವು ಅಂತ ಅಕ್ಷರಕ್ಕ ಅಕ್ಷರ ಹೇಳ್ಯಾವ. ಸುಳ್ಳು ಹೇಳಿದಾಕಿ ನಾ ಒಬ್ಬಾಕೀನಾ."

ಮುಳ್ಳು ಕಿತ್ತು ಬಂತು, ಕುರಿ ಎದ್ದು ಹೋಯಿತು.

ಸುಂದ್ರಮ್ಮನಿಗೆ ಊಟ ಸೇರದಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು. ಮರಿ ಮತ್ತೆ ದೂರವಾಗುತ್ತಾಳೆ, ಈ ಸಲ ಡಬ್ಬಿಯ ನೆಪವೂ ಇಲ್ಲ, ತಪ್ಪು ಪೂರಾ ತನ್ನದೇ. ಬಾಯಿ ಮುಚ್ಚಿಕೊಂಡರೆ ಮರಿ ತನ್ನವಳಾಗಿಯೇ ಉಳಿಯುತ್ತಾಳೆ, ಆದರೆ ಪಂಡಿತರೆದುರಿಗೆ ನಿಂತು ಗೊತ್ತಿಲ್ಲದೆ ಸುಳ್ಳು ಹೇಳುತ್ತಾಳೆ. ನಾಳೆ ಬೇರೆ ಯಾರೋ ಗುಡ್ಡಕ್ಕೆ ಬಂದು ಬಾಟ್ಲಿ ಕಟ್ಟಿದರೆ? ಹುಡುಗಿಯ ಮುಖಕ್ಕೆ ಮಸಿ ಬಳಿಯುವುದು ಅವರಲ್ಲ, ಅತ್ತೆ. ನಮ್ಮತ್ತಿ ಮ್ಯಾಲ ನಂಬಿಕಿ ಐತಿ ಅಂದಳಲ್ಲ, ಆ ಮಾತು ಮುಳ್ಳಿನ ಹಾಗೆ ನಾಟಿಕೊಂಡಿತ್ತು.

ಶನಿವಾರ ಅಟ್ಟದಿಂದ ಡಬ್ಬಿ ಇಳಿಸಿದಳು. ಧೂಳು ಒರೆಸಿ, ಉಂಡಿ ಕಟ್ಟಿ ತುಂಬಿದಳು. ಬೈಸಿಕೊಳ್ಳಲು ಹೋಗುವಾಗಲೂ ಬರಿಗೈಯಲ್ಲಿ ಹೋಗುವಂತಿಲ್ಲ. ಗುಡ್ಡ ಇಳಿದು, ಕಾಲುವೆಯ ಸೇತುವೆ ದಾಟಿ, ತಮ್ಮನ ಮನೆಯ ಹೊಸ್ತಿಲಲ್ಲಿ ನಿಂತಳು. ತಮ್ಮ ಗದ್ದೆಗೆ ಹೋಗಿದ್ದ. ತಮ್ಮನ ಹೆಂಡತಿ ದೇವಕಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ನಿಂತಳು. ಮರಿ ಒಳಗಿನಿಂದ ನಗುತ್ತ ಬಂದಳು.

ಸುಂದ್ರಮ್ಮ ಕೂಡಲಿಲ್ಲ. ನಿಂತಲ್ಲೇ ಹೇಳಿದಳು.

"ಮರಿ, ಆ ನೊಣ ನಮ್ಮ ಗುಡ್ಡದವಲ್ಲವ್ವ. ನಮ್ಮಲ್ಲಿ ಒಂದೂ ಬೀಳ್ಲಿಲ್ಲ. ಹಸನಸಾಬನ ಗಾಡಿ ಮ್ಯಾಲಿನವು ಹಿಡದು ತುಂಬಿದೆ."

ನಗು ಮರಿಯ ಮುಖದಿಂದ ನಿಧಾನವಾಗಿ ಇಳಿಯಿತು. "ಏನಂದಿ?"

"ಖರೇ ಐತಿ."

ಮರಿ ಹಿತ್ತಿಲಿಗೆ ಹೋಗಿ ಬಾಳೆಗಿಡಗಳ ಕಡೆ ಮುಖ ಮಾಡಿ ನಿಂತಳು. ಮರಳಿ ಬಂದಾಗ ಕಣ್ಣು ಕೆಂಪಾಗಿದ್ದವು. "ಮೇಡಂ ಕೇಳಿದಾಗ ಎಷ್ಟು ಧೈರ್ಯದಿಂದ ಹೇಳಿದ್ದೆ ಗೊತ್ತೈತೇನು ನಿನಗ? ನಾಳೆ ಬಿಟ್ಟು ನಾಡ್ದು ಅಷ್ಟು ಮಂದಿ ಮುಂದ ನಿಂದ್ರಾಕಿ ಇದ್ದೆ. ಖಾಲಿ ಇದ್ರ ಖಾಲಿ ಅಂತ ಕೊಡಬೇಕಿಲ್ಲೇನು ಅತ್ತಿ? ಇಲ್ಲ ಅನ್ನೋದೂ ನನಗ ಉತ್ತರಾನಾ ಆಗಿತ್ತು!"

"ಹೆಂಗ ಕೊಡ್ಲಿ?" ಸುಂದ್ರಮ್ಮ ಡಬ್ಬಿಯನ್ನು ಮುಂದಿಟ್ಟಳು. "ಈ ಡಬ್ಬಿ ಖಾಲಿ ಬಂದಾಗ ಎಷ್ಟು ಅತ್ತೀನಿ ಅನ್ನೋದು ನಮ್ಮ ಮನಿ ಗ್ವಾಡಿಗಿ ಗೊತ್ತು. ನಿಂದೊಂದು ಬಾಟ್ಲಿ ನನ್ನ ಮನಿಗಿ ಬಂತು, ಅದನ್ನ ಖಾಲಿ ಕಳಿಸಿ ನಿನ್ನೂ ಅಳಸ್ಲೇನು? ಮತ್ತ ನೀ ಬರದಂಗ ಆದ್ರ?"

ದೇವಕಮ್ಮ ಡಬ್ಬಿಯ ಮೇಲೆ ಕೈಯಿಟ್ಟಳು. ಅವಳು ಮಾತು ಕಡಿಮೆಯ ಹೆಣ್ಣುಮಗಳು.

"ಅಕ್ಕಾ, ಆವತ್ತು ಡಬ್ಬಿ ಮುಂದಿಟ್ಕೊಂಡು ನಾ ಭಾಳ ಹೊತ್ತು ಕುಂತಿದ್ದೆ. ಸಕ್ಕರಿ ಹಾಕಿದ್ರ ಹೆಣ್ಣು ಕೊಟ್ಟೀವಿ ಅಂದಂಗ. ಅಕ್ಕಿ ಹಾಕಿದ್ರ ನೀ ಇನ್ನೂ ಆಸಿ ಇಟ್ಕೊಂಡು ದಾರಿ ನೋಡ್ತಿದ್ದಿ. ಹುಡುಗಿ ಮನಸು ನನಗ ಗೊತ್ತಿತ್ತು. ನಿನಗ ಸುಳ್ಳು ಆಸಿ ತುಂಬಿ ಕಳಸಾಕ ಆಗ್ಲಿಲ್ಲಕ್ಕಾ. ಅದಕ ಹಂಗಾ ಕಳಸ್ದೆ. ನಾನಾ ಬಂದು ಹೇಳಬೇಕಿತ್ತು. ಧೈರ್ಯ ಸಾಲ್ಲಿಲ್ಲ."

ಸುಂದ್ರಮ್ಮ ಹೊಸ್ತಿಲ ಮೇಲೆ ಕೂತಳು. ಇಷ್ಟು ವರ್ಷ ಆ ಡಬ್ಬಿಯಲ್ಲಿ ಅವಮಾನವೊಂದನ್ನೇ ಕಂಡಿದ್ದಳು. ಅದರಲ್ಲಿ ತನ್ನ ಮೇಲಿನ ಮರ್ಯಾದೆಯೂ ಇತ್ತೆಂದು ತಿಳಿದು, ಅಳಬೇಕೋ ನಗಬೇಕೋ ಗೊತ್ತಾಗದೆ, ಕೊನೆಗೆ ಎರಡನ್ನೂ ಒಟ್ಟಿಗೇ ಮಾಡಿದಳು. ದೇವಕಮ್ಮ ಪಕ್ಕದಲ್ಲಿ ಕೂತು ಅದನ್ನೇ ಮಾಡಿದಳು. ಮರಿ ಇಬ್ಬರನ್ನೂ ನೋಡಿ, ಸಿಟ್ಟನ್ನು ಇನ್ನೂ ಸ್ವಲ್ಪ ಹಿಡಿದಿಟ್ಟುಕೊಳ್ಳಲು ಪ್ರಯತ್ನಿಸಿ, ಆಗದೆ ಡಬ್ಬಿಯ ಮುಚ್ಚಳ ತೆಗೆದು ಒಂದು ಉಂಡಿ ಬಾಯಿಗೆ ಹಾಕಿಕೊಂಡಳು.

"ನಂದೂ ತಪ್ಪೈತಿ" ಎಂದಳು ಬಾಯಿ ತುಂಬಿಕೊಂಡೇ. "ಬಾಟ್ಲಿ ಕೊಟ್ಟೆ, ಖಾಲಿ ಉಳದ್ರೂ ಕೊಡು ಅಂತ ಹೇಳ್ಲಿಲ್ಲ. ನಮ್ಮ ಮಂದಿ ಖಾಲಿ ಕೊಡಂಗಿಲ್ಲ ಅನ್ನೋದು ಮರ್ತಾ ಬಿಟ್ಟಿದ್ದೆ."

ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಬಹಳ ಹೊತ್ತು ಬೈಗುಳ ಕೇಳಿಸಿತು. ಸುಂದ್ರಮ್ಮ ಒಂದೊಂದು ಬೈಗುಳವನ್ನೂ ತನ್ನ ಲೆಕ್ಕಕ್ಕೇ ಹಾಕಿಕೊಂಡಳು. ಧಾರವಾಡದಲ್ಲಿ ಮರಿ ಕಾಲುವೆಯ ಗುಂಟದ ನೊಣಗಳ ಬಗ್ಗೆಯಷ್ಟೇ ಮಾತಾಡಿ, ಗುಡ್ಡದ್ದು ಮತ್ತೆ ನೋಡಿ ಹೇಳುತ್ತೇನೆ ಎಂದು ಬಂದಳಂತೆ. ಹಾಳೆಯ ಮೇಲಿನ ಕರಿಕಲ್ಲದೊಡ್ಡಿಯನ್ನು ಅಳಿಸಿದರು. ಸುಂದ್ರಮ್ಮನಿಗೆ ಸ್ವಲ್ಪ ಕೆಡುಕೆನಿಸಿದ್ದು ಸುಳ್ಳಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಮರಿ ಮತ್ತೆ ಬಂದಳು. ಈ ಸಲ ಒಂದಲ್ಲ, ಬುಟ್ಟಿ ತುಂಬ ಬಾಟ್ಲಿ. ಗುಡ್ಡದ ಮೂಲೆ ಮೂಲೆಗೂ ತಾನೇ ಹೋಗಿ ಕಟ್ಟಿ ಬಿಚ್ಚಿದಳು. ಯಾವುದರಲ್ಲೂ ಏನೂ ಬೀಳಲಿಲ್ಲ. ಕೊನೆಗೆ ಒಂದನ್ನು ಅತ್ತೆಯ ಕೈಗಿಟ್ಟಳು. "ಇದು ನಿಂದು. ಹ್ವಾದ ಸಲದ ಜಾಗದಾಗಾ ಕಟ್ಟು. ಏನು ಬಿತ್ತೋ ಅದನ್ನ ತಂದ್ಕೊಡು." ಅಷ್ಟು ಹೇಳಿ ಹುಣಸಗಿಯ ಕೆಲಸಕ್ಕೆ ಹೊರಟುಹೋದಳು. ಅವಳು ಮತ್ತೆ ನಂಬಿದಳಲ್ಲ ಎಂದು ಸುಂದ್ರಮ್ಮ ಆ ಬಾಟ್ಲಿಯ ಕೆಳಗೆ ಬಿಸಿಲಲ್ಲಿ ಕೂತೇ ಕಾದಳು. ಅದೇ ಬೇವಿನ ಗಿಡ, ಅದೇ ಗಾಳಿ. ಹಜರಾಬೀ ಬಂದು "ಈ ಸಲಾನೂ ದೇವರು ಒಲೀಲಿಲ್ಲೇನು?" ಎಂದು ಕೇಳಿ ಹೋದಳು. ಮರುದಿನ ಬಾಟ್ಲಿಯಲ್ಲಿ ಕಪ್ಪು ಬಾಳೆಹಣ್ಣಷ್ಟೇ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಹಸನಸಾಬ ದೂರದಿಂದಲೇ ನೋಡಿದ. ಬಾಟ್ಲಿಯನ್ನೂ ನೋಡಿದ. ಕೊಳೆತ ಹಣ್ಣಿನ ರಾಶಿಯ ಮೇಲಿನ ಗೋಣಿಯನ್ನು ದೊಡ್ಡ ಮನಸ್ಸಿನಿಂದ ಸರಿಸಿ, "ಬಾ ಅಕ್ಕಾ, ಹ್ವಾದ ವರ್ಷಕ್ಕಿಂತ ಭಾರೀ ಮಾಲ್ ಐತಿ" ಎಂದ.

ಸುಂದ್ರಮ್ಮನ ಕೈ ತುರಿಸಿತು. ಇಡೀ ಜನ್ಮದ ಅಭ್ಯಾಸ, ಒಂದು ವರ್ಷಕ್ಕೆ ಬಿಡುತ್ತದೆಯೇ? ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ಬ್ಯಾಡಪಾ. ಈ ಸಲ ಖಾಲಿನಾ ಬೇಕಂತ" ಎಂದು ಗಾಡಿಗೆ ಬೆನ್ನು ಮಾಡಿ ನಿಂತಳು.

ಮರಿ ಬಸ್ಸಿನಿಂದ ಇಳಿದಳು. ಸುಂದ್ರಮ್ಮ ಬಾಟ್ಲಿ ಚಾಚಿದಳು. ಹುಟ್ಟಿದ ಮೇಲೆ ಅವಳ ಕೈಯಿಂದ ಖಾಲಿ ಹೋದ ಮೊದಲ ಪಾತ್ರೆ ಅದು. ಮರಿ ಅದನ್ನು ಬಿಸಿಲಿಗೆ ಹಿಡಿದು, ಸುತ್ತ ತಿರುಗಿಸಿ, ತಳ ನೋಡಿದಳು.

"ಏನಿಲ್ಲವ್ವ" ಎಂದಳು ಸುಂದ್ರಮ್ಮ.

"ಏನಿಲ್ಲ" ಎಂದಳು ಮರಿ ಕೂಡ. ಅವಳ ಮುಖ ಹೂವಿನಂತೆ ಅರಳಿತ್ತು. "ಕಾಲುವಿ ನೊಣ ಗುಡ್ಡ ಹತ್ತಿಲ್ಲ ಅತ್ತಿ. ಈಗ ಎದಿ ತಟ್ಟಿ ಹೇಳ್ತೀನಿ." ಬಾಟ್ಲಿಗೆ ಚೀಟಿ ಅಂಟಿಸಿ, ಊರಿನ ಹೆಸರು ಬರೆದಳು. ಕರಿಕಲ್ಲದೊಡ್ಡಿ ಮತ್ತೆ ಲೆಕ್ಕಕ್ಕೆ ಬಂತು.

ಆಮೇಲೆ ಚೀಲದಿಂದ ಆ ಸ್ಟೀಲಿನ ಡಬ್ಬಿ ತೆಗೆದು ಅತ್ತೆಯ ಕೈಗಿಟ್ಟಳು. ಡಬ್ಬಿ ಹಗುರವಿತ್ತು. ಸುಂದ್ರಮ್ಮನ ಕೈ ಮುಚ್ಚಳದ ಮೇಲೆಯೇ ನಿಂತಿತು.

"ತೆಗದು ನೋಡಬ್ಯಾಡ, ಖಾಲಿನಾ ಐತಿ" ಎಂದಳು ಮರಿ. "ಉಂಡಿ ಎಂದೋ ಮುಗದ್ವು. ಜಲ್ದಿ ತುಂಬ್ಕೊಂಡು ಬಾ ಅಂತ ಅವ್ವ ಹೇಳ್ಯಾಳ."

ದೊಡ್ಡಿಯ ಕಡೆಯ ಬಸ್ಸಿನಲ್ಲಿ ಸುಂದ್ರಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಡದೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದ ಸೀಟಿನಲ್ಲಿದ್ದ ಹಜರಾಬೀ ಕತ್ತು ಚಾಚಿ ಕೇಳಿದಳು. "ತವರಿಂದ ಬಂದ ಡಬ್ಬಿ ಅನಸ್ತೈತಿ. ಏನ್ ಕಳಿಸ್ಯಾರ ಬೇ?"

"ಏನಿಲ್ಲ" ಎಂದಳು ಸುಂದ್ರಮ್ಮ, ಬಸ್ಸಿನವರಿಗೆಲ್ಲ ಕೇಳುವ ಹಾಗೆ, ಮುಖ ತುಂಬ ನಗುತ್ತ. "ಖಾಲಿ ಐತಿ!"